ಲಾಂಚು ಹತ್ತೋಕೆ ಹೋದವರು ಸೇತುವೆ ಹತ್ತಿದರು!

ಮಿರ್ಲೆಯಿಂದ ಹೊರಟವರ ಚೀಲದಲ್ಲಿ ಚಕ್ಕುಲಿ ಇತ್ತು, ಹುಳಿಯನ್ನದ ಡಬ್ಬಿ ಇತ್ತು, ಸ್ವೆಟರ್ ಇತ್ತು. ಬಾಯಲ್ಲಿ ಮಾತ್ರ ಒಂದೇ ಮಾತು: "ಲಾಂಚು."

ಬಸ್ಸು ಹತ್ತಿದ ಬಸ್ಸನ್ನೇ ಹೊತ್ತುಕೊಂಡು ನೀರಿನ ಮೇಲೆ ಹೋಗುವ ಲಾಂಚು. ಕಾರು, ಜೀಪು, ಹಾಲಿನ ಕ್ಯಾನು, ಕುರಿ, ಮದುವೆ ದಿಬ್ಬಣ ಎಲ್ಲವನ್ನೂ ಒಟ್ಟಿಗೆ ಆಚೆ ದಡಕ್ಕೆ ಹಾಕುವ ಲಾಂಚು. ಹತ್ತು ವರ್ಷದ ಹಿಂದೆ ಒಮ್ಮೆ ಹೋಗಿ ಬಂದಿದ್ದ ಒಬ್ಬಾಕೆ ಅದನ್ನು ಎಷ್ಟು ಬಣ್ಣಿಸಿದ್ದಳೆಂದರೆ, ಉಳಿದವರಿಗೆ ದೇವಿಯ ದರ್ಶನಕ್ಕಿಂತ ಲಾಂಚಿನ ದರ್ಶನವೇ ದೊಡ್ಡದಾಗಿಬಿಟ್ಟಿತ್ತು. ಹೊರಟದ್ದು ಸಾಗರ ತಾಲ್ಲೂಕಿನ ಸಿಗಂದೂರಿಗೆ, ಶರಾವತಿ ಹಿನ್ನೀರಿನ ನಡುವಿನ ದ್ವೀಪಕ್ಕೆ. ಎರಡು ದಿನದ ಯಾತ್ರೆ. ಇದು ಮೊದಲ ದಿನದ ಕತೆ.

ತಂಡದಲ್ಲಿ ಹದಿನಾಲ್ಕು ಜನ. ಹನ್ನೊಂದು ಹೆಂಗಸರು, ಮೂವರು ಗಂಡಸರು. ಕಾಲ 2025ರ ಕಾರ್ತಿಕ. ಭತ್ತ ತೆನೆ ಬಾಗಿತ್ತು, ಕಟಾವಿಗೆ ಇನ್ನೂ ದಿನವಿತ್ತು. ಕೆ.ಆರ್. ನಗರ ಸೀಮೆಯ ಜನಕ್ಕೆ ಊರು ಬಿಟ್ಟು ಎರಡು ದಿನ ಹೊರಗೆ ಕಾಲಿಡಲು ಸಿಗುವುದು ಇಂಥ ಸಂದಿನಲ್ಲೇ. ಕಟಾವು ಶುರುವಾದರೆ ಮನೆಯ ಬಾಗಿಲು ಹಾಕೋಕೂ ಪುರಸೊತ್ತಿಲ್ಲ.

ಗಂಡಸಾಗಿ ಹುಟ್ಟಿದ ದಂಡ

ಮೊದಲು ಮಿನಿ ಬಸ್ಸು ಮಾಡಿಕೊಂಡು ಹೋಗೋಣ ಎಂದು ಮಾತಾಗಿತ್ತು. ಬಾಡಿಗೆ ಕೇಳಿದ ಮೇಲೆ ಮಾತು ನಿಂತಿತು. ಆಗ ಎದ್ದು ನಿಂತವರು ಹೆಂಗಸರು. "ನಮಗೆ ಸರ್ಕಾರಿ ಬಸ್ಸಿಲ್ವಾ? ಆಧಾರ್ ಕಾರ್ಡು ತೋರಿಸ್ಕೊಂಡು ಹೋಗ್ತೀವಿ. ಬರೋರು ಬನ್ನಿ, ಬುಡೋರು ಬುಡಿ" ಅಂದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಜಿಲ್ಲೆಯಲ್ಲಿ ಯಾತ್ರೆಯ ಲೆಕ್ಕಾಚಾರವೇ ಬದಲಾಗಿದೆ. ಮುಂಚೆ ಯಜಮಾನ ಒಪ್ಪಿದರೆ ಯಾತ್ರೆ. ಈಗ ಯಜಮಾನಿ ಹೊರಟರೆ ಯಾತ್ರೆ, ಯಜಮಾನ ಟಿಕೆಟ್ ತಗೊಂಡು ಹಿಂದೆ ಬರಬೇಕು.

ಬೆಳಗಿನ ಜಾವ, ಇನ್ನೂ ಕತ್ತಲು. ಕೆ.ಆರ್. ನಗರಕ್ಕೆ ಬಂದು ಹಾಸನದ ಬಸ್ಸು ಹಿಡಿದದ್ದಾಯಿತು. ಕಂಡಕ್ಟರು ಹನ್ನೊಂದು ಶೂನ್ಯ ಟಿಕೆಟ್ ಹರಿದು ಕೊಟ್ಟು, ಗಂಡಸರ ಕಡೆ ತಿರುಗಿ ಕೈ ಚಾಚಿದ. ಮೂವರಲ್ಲಿ ಒಬ್ಬರು ಕಿರಾಣಿ ಅಂಗಡಿಯವರು. ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು, "ಗಂಡಸಾಗಿ ಹುಟ್ಟಿದ ದಂಡ" ಎಂದು ಗೊಣಗುತ್ತ ಬರೆದುಕೊಂಡರು. ಆ ಪುಸ್ತಕ ಇಡೀ ದಿನ ಅವರ ಕೈ ಬಿಡಲಿಲ್ಲ. ಟೀ ಇಷ್ಟು, ಇಡ್ಲಿ ಇಷ್ಟು, ಹಾಸನದ ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಇಷ್ಟು. ಅಂಗಡಿಯವನ ಕೈ, ಬರೆಯದಿದ್ದರೆ ನಿದ್ದೆ ಬಾರದು.

ಈ ಅಂಗಡಿ ಯಜಮಾನರು ಹೊರಟದ್ದಕ್ಕೆ ಒಂದು ಕಾರಣವಿತ್ತು. ಅವರ ಅಂಗಡಿಯ ಬೀಗ ಒಂದೇ ವರ್ಷದಲ್ಲಿ ಎರಡು ಸಲ ಮುರಿದಿತ್ತು. ಹೋದದ್ದು ಹೆಚ್ಚೇನಲ್ಲ, ಒಂದಷ್ಟು ಬೀಡಿ ಬಂಡಲ್ಲು, ಅಡುಗೆ ಎಣ್ಣೆ ಪ್ಯಾಕೆಟ್ಟು, ಚಿಲ್ಲರೆ ಡಬ್ಬಿ. ಆದರೆ ಹೋದದ್ದಕ್ಕಿಂತ ಹೋಯಿತಲ್ಲಾ ಎಂಬ ಸಂಕಟ ದೊಡ್ಡದು. ಸಿಗಂದೂರು ಚೌಡೇಶ್ವರಿ ಕಳ್ಳರ ಪಾಲಿಗೆ ಕಠಿಣ ಎಂಬ ನಂಬಿಕೆ ಮಲೆನಾಡಿನಲ್ಲಷ್ಟೇ ಅಲ್ಲ, ನಮ್ಮ ಬಯಲು ಸೀಮೆಯಲ್ಲೂ ಹಬ್ಬಿದೆ. ದೇವಿಯ ಕಾವಲಿದೆ ಎಂದು ಬರೆದ ಬೋರ್ಡನ್ನು ಅಡಿಕೆ ತೋಟಕ್ಕೆ, ಮನೆಗೆ, ಗೋದಾಮಿಗೆ, ಪಂಪ್‌ಸೆಟ್ಟಿಗೆ ಕೂಡ ತೂಗುಹಾಕುವವರಿದ್ದಾರೆ. ಅಂಥ ಒಂದು ಬೋರ್ಡು ತಂದು ಶಟರಿನ ಮೇಲೆ ಹಾಕಬೇಕು ಎಂಬುದು ಅವರ ಹಟ. ಮಗ "ಸಿಸಿಟಿವಿ ಹಾಕ್ಸಪ್ಪ" ಅಂದಿದ್ದನಂತೆ. "ಅದನ್ನೂ ಕದ್ದೊಯ್ತಾರೆ ಕಣೋ, ಬೋರ್ಡ್ ಯಾವನು ಮುಟ್ತಾನೆ?" ಎಂಬುದು ಅಪ್ಪನ ಉತ್ತರ. ಉತ್ತರದಲ್ಲಿ ಹುರುಳಿಲ್ಲ ಎಂದು ಹೇಳುವ ಹಾಗಿಲ್ಲ!

ಇನ್ನೊಬ್ಬರು ತಂಡಕ್ಕೆಲ್ಲ ಹಿರಿಯರು, ಎಪ್ಪತ್ತೆಂಟರ ಅಜ್ಜಿ. ಬೇಡ ಅಂದರೂ ಕೇಳದೆ ಹೊರಟವರು. ಅಜ್ಜಿಗೆ ದೇವಿಯೂ ಬೇಕು, ಲಾಂಚೂ ಬೇಕು. ಅದರ ಜೊತೆಗೆ ಇನ್ನೊಂದು ಕುತೂಹಲ. ಅವರ ತಾಯಿ ಚಿಕ್ಕ ಹುಡುಗಿಯಾಗಿದ್ದಾಗ ಕನ್ನಂಬಾಡಿ ಕಟ್ಟೆಯ ನೀರು ಏರಿ ಬಂದು, ಗಂಟು ಮೂಟೆ ಕಟ್ಟಿಕೊಂಡು ಗಾಡಿ ಹತ್ತಿದ್ದ ಮನೆತನ ಅದು. "ನಮ್ಮವ್ವ ಹೇಳೋಳು, ಒಲೆಕಲ್ಲು ಬುಟ್ಟು ಬಂದ್ವಿ ಅಂತ. ಇಲ್ಲೂ ಅಂಗೇ ನೀರು ನಿಂತದಂತಲ್ಲ. ಆದ್ರೂ ಜನ ಬುಟ್ಟೋಗ್ದೆ ನೀರ್ ಮಧ್ಯ ಕುಂತವ್ರಂತೆ. ಅದೆಂಗೆ ಕುಂತವ್ರೋ ನೋಡ್ಬೇಕು." ಅಜ್ಜಿಯ ಯಾತ್ರೆಗೆ ಇದು ಕಾರಣ.

ದಾರಿ ಉದ್ದ

ಭೇರ್ಯ ದಾಟಿ ಹೊಳೆನರಸೀಪುರ, ಹಾಸನ. ಅಲ್ಲಿಂದ ಅರಸೀಕೆರೆ, ಕಡೂರು, ತರೀಕೆರೆ. ತೆಂಗಿನ ಸೀಮೆ ಹೋಗಿ ಅಡಿಕೆ ಸೀಮೆ ಬಂತು. ಭದ್ರಾವತಿಯಲ್ಲಿ ಯಾರೋ ಕಬ್ಬಿಣದ ಕಾರ್ಖಾನೆ ತೋರಿಸಿದರು, ಅರ್ಧ ಜನ ನಿದ್ದೆಯಲ್ಲಿದ್ದರು. ಶಿವಮೊಗ್ಗದಲ್ಲಿ ಊಟ. ಆನಂದಪುರ ದಾಟುವ ಹೊತ್ತಿಗೆ ಕಿಟಕಿಯಿಂದ ಬರುವ ಗಾಳಿಯ ಗುಣವೇ ಬೇರೆಯಾಯಿತು. ಹಸಿ ಎಲೆಯ ವಾಸನೆ. ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ ಇಳಿಹೊತ್ತು.

ಸಾಗರಕ್ಕೆ ಬಂದವರು ಸಾಮಾನ್ಯವಾಗಿ ಜೋಗ ನೋಡುತ್ತಾರೆ, ಇಕ್ಕೇರಿ ನೋಡುತ್ತಾರೆ, ಗುಡಿಗಾರರ ಗಂಧದ ಕೆತ್ತನೆ ನೋಡಿ ಬೆಲೆ ಕೇಳಿ ಸುಮ್ಮನಾಗುತ್ತಾರೆ. ನಮ್ಮವರಿಗೆ ಅದಕ್ಕೆಲ್ಲ ವೇಳೆಯಿರಲಿಲ್ಲ. ಹೊಳೆಬಾಗಿಲು ಕಡೆಗೆ ಹೊರಟು ನಿಂತಿದ್ದ ಬಸ್ಸಿಗೆ ಓಡಿ ಹತ್ತಿದರು. ಹೆಂಗಸರು ಆಧಾರ್ ಕಾರ್ಡು ಹಿಡಿದು ಕೂತರು. ಕಂಡಕ್ಟರು ನಕ್ಕ. "ಇದು ಪ್ರೈವೇಟು ಅಮ್ಮ. ಕಾರ್ಡು ಒಳಗಿಡಿ, ದುಡ್ಡು ಹೊರಗ್ ತೆಗೀರಿ." ಇಡೀ ದಾರಿಯಲ್ಲಿ ಮೊದಲ ಸಲ ಅಂಗಡಿ ಯಜಮಾನರ ಮುಖ ಅರಳಿತು! ಮಲೆನಾಡಿನಲ್ಲಿ ಖಾಸಗಿ ಬಸ್ಸುಗಳ ಕಾರುಬಾರು ಹಳೆಯದು. ಕಾಡು ಊರುಗಳಿಗೆ, ತಿರುವು ದಾರಿಗಳಿಗೆ ಸರ್ಕಾರಿ ಬಸ್ಸು ಬರುವ ಮುಂಚಿನಿಂದ ಓಡಿದವು ಅವೇ. ಶಕ್ತಿ ಯೋಜನೆ ಅಲ್ಲಿ ನಡೆಯುವುದಿಲ್ಲ.

ಬಸ್ಸು ಕಾಡಿನೊಳಗೆ ಇಳಿಯುತ್ತ ಹೋಯಿತು. ಮರಗಳ ಸಂದಿನಲ್ಲಿ ಒಂದು ಕಡೆ ನೀರು ಮಿಂಚಿತು. ಮತ್ತೊಂದು ತಿರುವಿನಲ್ಲಿ ಇನ್ನೂ ಅಗಲವಾಗಿ ಮಿಂಚಿತು. "ಹೊಳೆನಾ?" ಎಂದು ಒಬ್ಬಾಕೆ ಕೇಳಿದಳು. ಹೊಳೆ ಎಲ್ಲಿಂದ ಬಂತು? ಅದು ಲಿಂಗನಮಕ್ಕಿಯ ಹಿನ್ನೀರು. ಕಣ್ಣು ಹೋದಷ್ಟು ದೂರ ನೀರು, ನೀರಿನ ನಡುವೆ ತಲೆ ಎತ್ತಿದ ಗುಡ್ಡಗಳು. ಅವು ಹುಟ್ಟಿನಿಂದ ದ್ವೀಪಗಳಲ್ಲ. ಗುಡ್ಡದ ತಲೆಗಳು. ಗುಡ್ಡದ ಕಾಲಬುಡದಲ್ಲಿದ್ದ ಗದ್ದೆ, ತೋಟ, ದೇವಸ್ಥಾನ, ಮನೆ ಎಲ್ಲ ಕೆಳಗಿವೆ.

ಕರೆಂಟು ಯಾರದ್ದು, ಕತ್ತಲು ಯಾರದ್ದು

ಇಲ್ಲಿ ಕೊಂಚ ಲೆಕ್ಕ ಹೇಳಬೇಕು. ನಮ್ಮ ಓದುಗರಿಗೆ ಕನ್ನಂಬಾಡಿಯ ಲೆಕ್ಕ ಬಾಯಿಪಾಠ: 124.80 ಅಡಿ, 49 ಚಿಲ್ಲರೆ ಟಿ.ಎಂ.ಸಿ. ಅಂಥ ಮೂರು ಕನ್ನಂಬಾಡಿಯನ್ನು ಸೇರಿಸಿದರೆ ಒಂದು ಲಿಂಗನಮಕ್ಕಿ. ಸುಮಾರು 151 ಟಿ.ಎಂ.ಸಿ. ನೀರು ನಿಲ್ಲುವ ಕೊಳ, ಪೂರ್ಣ ಮಟ್ಟ ಸಮುದ್ರದಿಂದ 1,819 ಅಡಿ. ಶರಾವತಿ ತೀರ್ಥಹಳ್ಳಿ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಚಿಕ್ಕ ನದಿ, ಉದ್ದ 130 ಕಿಲೋಮೀಟರೂ ಇಲ್ಲ. ಆದರೆ ಘಟ್ಟದ ಅಂಚಿನಲ್ಲಿ ಬೀಳುತ್ತದೆ. ಬೀಳುವ ನೀರಿಗೆ ಬೆಲೆ ಹೆಚ್ಚು. ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿ, 1940ರ ದಶಕದ ಕೊನೆಗೆ ಜೋಗದಲ್ಲಿ ವಿದ್ಯುತ್ ತೆಗೆದರು. ಅದು ಸಾಲದಾಯಿತು. 1964ರಲ್ಲಿ ಲಿಂಗನಮಕ್ಕಿ ಎದ್ದಿತು. ಹೊಸ ಅಣೆಕಟ್ಟೆಯ ನೀರಿನಲ್ಲಿ ಹಳೇ ಅಣೆಕಟ್ಟೆಯೇ ಮುಳುಗಿಹೋಯಿತು! ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಕಟ್ಟೆ ಈಗಲೂ ಬೆನ್ನು ತೋರಿಸುತ್ತದೆ, ಜನ ಅದನ್ನು ನೋಡಲು ಗುಂಪುಗಟ್ಟಿ ಹೋಗುತ್ತಾರೆ. ನಮ್ಮ ಕಡೆ ಹಿಂದೆ ನೀರು ಇಳಿದಾಗ ಹಳೇ ಕನ್ನಂಬಾಡಿಯ ಗುಡಿ ನೋಡಲು ಹೋಗುತ್ತಿದ್ದರಲ್ಲ, ಹಾಗೆ.

ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಿಂದ 1,035 ಮೆಗಾವಾಟ್. ಒಂದು ಕಾಲಕ್ಕೆ ರಾಜ್ಯದ ಗಿರಣಿ, ಕಾರ್ಖಾನೆ, ಪೇಟೆಯ ಟ್ಯೂಬ್‌ಲೈಟು ಬಹುಪಾಲು ಇದನ್ನೇ ನಂಬಿದ್ದವು. ನಮ್ಮೂರ ಅಕ್ಕಿ ಮಿಲ್ಲಿನ ಬೆಲ್ಟು ತಿರುಗಿದ್ದರಲ್ಲೂ ಇವರ ಮುಳುಗಿದ ಗದ್ದೆಯ ಪಾಲಿದೆ ಎಂದರೆ ತಪ್ಪೇನಿಲ್ಲ. ಗದ್ದೆ ಕೊಟ್ಟವರ ಪಾಡು? ಸಾವಿರಾರು ಸಂಸಾರ ಎದ್ದವು. ಕೆಲವರನ್ನು ದೂರದ ಕಾಡಿನಲ್ಲಿ ಇಳಿಸಿದರು. ಅಲ್ಲಿ ಕೊಟ್ಟ ಭೂಮಿ ಅರಣ್ಯದ್ದೋ ಕಂದಾಯದ್ದೋ ಎಂಬ ತಕರಾರು ಮೊಮ್ಮಕ್ಕಳ ಕಾಲಕ್ಕೂ ಪೂರ್ತಿ ತೀರಿಲ್ಲ. ಇನ್ನು ಕೆಲವರು ಎಲ್ಲಿಗೂ ಹೋಗದೆ ಗುಡ್ಡ ಹತ್ತಿ ಕೂತರು. ಕರೂರು, ಬಾರಂಗಿ ಹೋಬಳಿಗಳು ಹೀಗೆ ತಾಲ್ಲೂಕು ಕೇಂದ್ರದಿಂದ ಕಡಿದು ಹೋದವು. ತುಮರಿ ಇವುಗಳ ನಡುವಿನ ದೊಡ್ಡ ಊರು. ಶಾಸ್ತ್ರಕ್ಕೆ ಹೇಳುವುದಾದರೆ ಇದು ಪೂರ್ತಿ ದ್ವೀಪವಲ್ಲ, ಕಾರ್ಗಲ್ಲು, ಕೋಗಾರು ಕಡೆಯಿಂದ ಘಟ್ಟದ ಕಾಡು ಸುತ್ತಿ ರಸ್ತೆಯಲ್ಲಿ ಬರಬಹುದು. ಆದರೆ ಕಣ್ಣೆದುರಿಗೆ ಕಾಣುವ ಆಚೆ ದಡಕ್ಕೆ ಹೋಗಲು ಇಡೀ ಕಾಡು ಸುತ್ತಬೇಕಾದವನ ಹತ್ತಿರ ಹೋಗಿ "ನಿಮ್ಮದು ದ್ವೀಪ ಅಲ್ಲ" ಎಂದು ವಾದ ಮಾಡುವವರು ಯಾರು?

ಇದೇ ಸಾಗರದಲ್ಲಿದ್ದು, ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ, ಮುಳುಗುವುದನ್ನು ಕಣ್ಣಾರೆ ಕಂಡ ಸಾಹಿತಿ ನಾ. ಡಿಸೋಜ. 'ಮುಳುಗಡೆ', 'ದ್ವೀಪ' ಎರಡೂ ಅವರವೇ. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ಸೌಂದರ್ಯ ನಟಿಸಿ ನಿರ್ಮಾಪಕಿಯೂ ಆದರು, ರಾಷ್ಟ್ರದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿ ಬಂತು. ನಮ್ಮ ತಂಡದಲ್ಲಿ ಇಬ್ಬರು ಅದನ್ನು ಟಿವಿಯಲ್ಲಿ ನೋಡಿದ್ದರು. "ಮಳೇಲಿ ಮನೆ ಮುಳುಗುತ್ತಲ್ಲ, ಸೌಂದರ್ಯ ಒಬ್ಳೇ..." ಎಂದು ಒಬ್ಬಾಕೆ ಕತೆ ಶುರುಮಾಡಿದಳು. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ಉದ್ಘಾಟನೆಯಾದದ್ದು ಆರು ತಿಂಗಳ ಮೇಲೆ.

ಇದು ಸಾಗರದೊಂದರ ಕತೆಯೂ ಅಲ್ಲ. ಲಿಂಗನಮಕ್ಕಿ ಎದ್ದ ಕಾಲದಲ್ಲೇ ಆಫ್ರಿಕಾದ ಘಾನಾ ದೇಶದಲ್ಲಿ ಅಕೊಸೊಂಬೊ ಅಣೆಕಟ್ಟೆ ಕಟ್ಟಿ, 1965ರಲ್ಲಿ ವೋಲ್ಟಾ ಎಂಬ ಬೃಹತ್ ಸರೋವರ ಮಾಡಿದರು. ಸುಮಾರು 80,000 ಜನ ಎದ್ದರು. ಅಲ್ಲೂ ಗುಡ್ಡದ ತಲೆಗಳು ದ್ವೀಪಗಳಾದವು, ಅಲ್ಲೂ ಪ್ರವಾಸಿಗರು ದೋಣಿಯಲ್ಲಿ ಹೋಗಿ ಆಹಾ ಎಂದು ಬಂದರು. ಬಾಂಗ್ಲಾದೇಶದ ಕಪ್ತಾಯಿ ಸರೋವರದಲ್ಲಿ ಚಕ್ಮಾ ಜನ ಎದ್ದದ್ದೂ ಅದೇ ದಶಕದಲ್ಲಿ. ನೀರು ನಿಂತ ಮೇಲೆ ಎಲ್ಲ ಕಡೆಯೂ ನೋಟ ಬಲು ಚೆನ್ನ.

ಲಾಂಚು ಎಲ್ಲಿ?

ಬಸ್ಸು ಹೊಳೆಬಾಗಿಲಿನ ತಿರುವಿಗೆ ಬಂತು. ತಂಡದವರೆಲ್ಲ ಎದ್ದು ನಿಂತರು, ಚೀಲ ಕೈಗೆ ಬಂದವು. ಎದುರಿಗೆ ಕಂಡದ್ದು ಲಾಂಚಲ್ಲ. ಆಕಾಶಕ್ಕೆ ಎದ್ದ ಕಂಬಗಳು, ಕಂಬದಿಂದ ಬೀಸಣಿಗೆಯ ಕಡ್ಡಿಗಳಂತೆ ಇಳಿಬಿಟ್ಟ ದಪ್ಪ ತಂತಿಗಳು, ಅವುಗಳಿಂದ ತೂಗಿಬಿದ್ದ ಹಾಗೆ ನೀರಿನ ಮೇಲೆ ನೆಟ್ಟಗೆ ಹೋದ ರಸ್ತೆ. ಅಂಬಾರಗೋಡ್ಲು ಕಡೆಯಿಂದ ಕಳಸವಳ್ಳಿ ಕಡೆಗೆ 2.44 ಕಿಲೋಮೀಟರು. ಸುಮಾರು 470 ಕೋಟಿ ರೂಪಾಯಿ ಖರ್ಚು. 2018ರಲ್ಲಿ ಶಂಕುಸ್ಥಾಪನೆ, 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟನೆ. ಯಾರು ಬಂದರು, ಯಾರು ಬರಲಿಲ್ಲ, ಯಾರನ್ನು ಕರೆದರು, ಯಾರನ್ನು ಕರೆಯಲಿಲ್ಲ ಎಂಬ ರಾಜಕೀಯದ ಜಗಳವೂ ಆಯಿತು. ಆ ಜಗಳಕ್ಕೆ ಒಂದು ವಾರದ ಆಯಸ್ಸು. ಸೇತುವೆಗೆ ಅರವತ್ತು ವರ್ಷದ ಕಾಯುವಿಕೆ.

"ಲಾಂಚು?" ಎಂದು ಹಿಂದೊಮ್ಮೆ ಬಂದಿದ್ದಾಕೆ ಕೇಳಿದಳು.

"ಇನ್ನೆಂತ ಲಾಂಚು ಮಾರಾಯ್ರೆ, ಬಸ್ಸು ಮೇಲೇ ಹೋತದೆ. ಕೂತ್ಕಳಿ" ಎಂದ ಕಂಡಕ್ಟರು.

ಆಕೆಯ ಮುಖ ಸಣ್ಣಗಾಯಿತು. ಹತ್ತು ವರ್ಷ ಬಣ್ಣಿಸಿದ್ದು ವ್ಯರ್ಥವಾಯಿತಲ್ಲ! ಸೇತುವೆ ಆಗಿದೆ ಎಂಬ ಸುದ್ದಿ ಟಿವಿಯಲ್ಲಿ ಬಂದದ್ದು ತಂಡದ ಅರ್ಧ ಜನಕ್ಕೆ ಗೊತ್ತಿತ್ತು. ಆದರೂ ಲಾಂಚು ಇದ್ದೇ ಇರುತ್ತದೆ ಎಂದುಕೊಂಡಿದ್ದರು, ಹೊಸ ರಸ್ತೆ ಬಂದರೂ ಹಳೇ ರಸ್ತೆ ಇರುವ ಹಾಗೆ. "ಇಳ್ದು ಒಂದ್ಗಳಿಗೆ ನೀರಾದ್ರೂ ನೋಡ್ಮ" ಎಂದು ಅಜ್ಜಿ ಹಟ ಹಿಡಿದರು. ಹದಿನಾಲ್ಕು ಜನ ಅಲ್ಲೇ ಇಳಿದುಬಿಟ್ಟರು.

ಇಳಿದದ್ದು ಒಳ್ಳೆಯದೇ ಆಯಿತು. ದಡದ ಕಡೆ ಹೋಗುವ ದಾರಿಯಲ್ಲಿ ಒಂದು ಟೀ ಅಂಗಡಿ. ನಡುವಯಸ್ಸಿನವರೊಬ್ಬರು ಮಂಡಕ್ಕಿ ಡಬ್ಬಿಯ ಹಿಂದೆ ಸುಮ್ಮನೆ ಕೂತಿದ್ದರು. ಒಟ್ಟಿಗೆ ಹದಿನಾಲ್ಕು ಗಿರಾಕಿ ಕಂಡು ಎದ್ದು ನಿಂತ ಪರಿ ನೋಡಿಯೇ ಅಂಗಡಿ ಯಜಮಾನರಿಗೆ ವಿಷಯ ತಿಳಿಯಿತು. ಒಬ್ಬ ಅಂಗಡಿಯವನ ಸಂಕಟ ಇನ್ನೊಬ್ಬ ಅಂಗಡಿಯವನಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ.

"ವ್ಯಾಪಾರ ಹೆಂಗದೆ ಅಣ್ಣ?"

"ಎಂತ ವ್ಯಾಪಾರ. ಮೊದ್ಲಾದ್ರೆ ಲಾಂಚಿಗೆ ಕಾದು ಕಾದು ಜನ ತಿಂತಿದ್ರು. ರಜೆ ದಿನ ಇಲ್ಲಿಂದ ಆ ತಿರುವಿನ ತನಕ ಕಾರು ಸಾಲು. ಎರಡು ತಾಸು, ಮೂರು ತಾಸು. ಮಕ್ಕಳು ಅಳ್ತಾವೆ, ಬಿಸ್ಕತ್ತು ಬೇಕು. ದೊಡ್ಡೋರಿಗೆ ಟೀ ಬೇಕು, ಬಜ್ಜಿ ಬೇಕು. ಈಗ ಯಾರು ನಿಲ್ತಾರೆ? ಸುಂಯ್ ಅಂತ ಮೇಲೇ ಹೋತಾರೆ. ಸೇತುವೆ ಮೇಲೆ ಫೋಟೋ ತೆಗಿಯಕ್ಕೆ ನಿಲ್ತಾರೆ, ಟೀ ಕುಡಿಯಕ್ಕೆ ನಿಲ್ಲಲ್ಲ."

ಹಾಗಾದರೆ ಸೇತುವೆ ಬೇಡವಾಗಿತ್ತೇ? ಆ ಮನುಷ್ಯ ಟೀ ಸೋಸುವುದನ್ನು ನಿಲ್ಲಿಸಿ ನೋಡಿದರು.

"ಅದೆಂತ ಮಾತು ಹೇಳ್ತೀರಿ ಯಜಮಾನ್ರೆ. ಸೇತುವೆ ಬೇಕು ಅಂತ ಮೆರವಣಿಗೆ ಹೋದೋರಲ್ಲಿ ನಾನೂ ಒಬ್ಬ. ನಮ್ಮ ಮನೆ ಇರೋದು ಆಚೆ ದಡದಲ್ಲಿ. ನಮ್ಮಪ್ಪಂಗೆ ಎದೆನೋವು ಬಂದ ರಾತ್ರಿ ಲಾಂಚಿನೋರನ್ನ ಎಬ್ಬಿಸಕ್ಕೆ ದೋಣಿ ಹಾಕ್ಕೊಂಡು ಬಂದಿದ್ದೆ ನಾನು. ಸೇತುವೆ ಬಂದಿದ್ದು ಒಳ್ಳೇದೇ. ಅಂಗಡಿ ಹೋತು, ಅದೂ ಖರೆ."

ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಬಳಿಕ ಟೀ ಕೊಟ್ಟರು. ಚಹಾ ಚೆನ್ನಾಗಿತ್ತು, ಶುಂಠಿ ಹಾಕಿದ್ದರು.

ಒಳನಾಡು ಜಲಸಾರಿಗೆಯ ಲಾಂಚು ಈ ಜನರ ಪಾಲಿಗೆ ಬಸ್ಸೂ ಹೌದು, ಗಡಿಯಾರವೂ ಹೌದು, ಬೇಲಿಯೂ ಹೌದು. ಸಂಜೆ ಕೊನೆಯ ಲಾಂಚು ಹೋಯಿತೆಂದರೆ ದ್ವೀಪದ ಬಾಗಿಲು ಹಾಕಿದ ಹಾಗೆ. ಕಾಲೇಜಿಗೆ ಹೋದ ಹುಡುಗಿ ಲಾಂಚು ತಪ್ಪಿಸಿಕೊಂಡರೆ ಸಾಗರದಲ್ಲಿ ನೆಂಟರ ಮನೆ ಹುಡುಕಬೇಕು. ಹೆರಿಗೆ ನೋವು ಹೊತ್ತು ನೋಡಿ ಬರುತ್ತದೆಯೇ? ಮಳೆ ಕೈಕೊಟ್ಟ ವರ್ಷ ಇನ್ನೊಂದು ಕಷ್ಟ, ನೀರು ಇಳಿದು ದಡ ದೂರವಾಗುತ್ತಿತ್ತು. 2023ರ ಜೂನಿನಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿ ಬರೀ ಜನರನ್ನು ಸಾಗಿಸಿದರು. ನೀರು ಹೆಚ್ಚಾದ್ದರಿಂದ ದ್ವೀಪವಾದ ಊರು, ನೀರು ಕಡಿಮೆಯಾದರೂ ದ್ವೀಪವೇ!

ಮಾತಿನ ನಡುವೆ ಟೀ ಅಂಗಡಿಯವರು ಇನ್ನೊಂದು ವಿಷಯ ಎತ್ತಿದರು. ಶರಾವತಿ ಕಣಿವೆಯಲ್ಲಿ ಈಗ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ತಳಕಳಲೆ, ಗೇರುಸೊಪ್ಪೆಗಳ ನಡುವೆ ನೀರನ್ನು ಕೆಳಗೆ ಬಿಟ್ಟು, ಮತ್ತೆ ಮೇಲಕ್ಕೆತ್ತಿ, ಬೇಕಾದ ಹೊತ್ತಿಗೆ ವಿದ್ಯುತ್ ಮಾಡುವ ಏರ್ಪಾಡು. ಸಿಂಗಳೀಕಗಳಿರುವ ಅಭಯಾರಣ್ಯದ ಕಾಡು ಹೋಗುತ್ತದೆ ಎಂದು ಸಾಗರ, ಹೊನ್ನಾವರದ ಕಡೆ ವಿರೋಧವೂ ಎದ್ದಿದೆ. "ಮೊದ್ಲು ಕೊಟ್ಟಿದ್ದಕ್ಕೆ ಲೆಕ್ಕ ಚುಕ್ತಾ ಆಗ್ಲಿಲ್ಲ, ಇನ್ನೊಂದ್ ಸಲ ಕೇಳ್ತಾ ಇದಾರೆ" ಎಂದರು ಅವರು. ಅಂಗಡಿ ಯಜಮಾನರು ತಲೆಯಾಡಿಸಿದರು. ಹಳೇ ಸಾಲ ತೀರಿಸದೆ ಹೊಸ ಸಾಮಾನು ಕೇಳುವ ಗಿರಾಕಿಯನ್ನು ಅವರು ಬಲ್ಲರು.

ಅಜ್ಜಿ ಇಷ್ಟು ಹೊತ್ತೂ ಸುಮ್ಮನೆ ನೀರು ನೋಡುತ್ತಿದ್ದರು. ಕೊನೆಗೆ ಕೇಳಿದರು: "ನಿಮ್ಮೂರು ಯಾವ ಕಡೆ ಮುಳುಗಿರದಪ್ಪ?"

ಅವರು ಕೈ ತೋರಿಸಿದರು. ಎಡಗಡೆಯ ಗುಡ್ಡಕ್ಕೂ ಅದರ ಪಕ್ಕದ ಗುಡ್ಡಕ್ಕೂ ನಡುವೆ. ಅಲ್ಲಿ ನೀರಲ್ಲದೆ ಬೇರೇನೂ ಇಲ್ಲ. "ನಾ ನೋಡಿಲ್ಲ ಅಜ್ಜಿ, ಅಪ್ಪ ಹೇಳ್ತಿದ್ರು. ಮನೆ ಮುಂದೆ ಹಲಸಿನ ಮರ ಇತ್ತಂತೆ."

"ನಮ್ದೂ ಅಂಗೇಯ. ನಾನೂ ನೋಡಿಲ್ಲ, ನಮ್ಮವ್ವ ಹೇಳೋಳು" ಎಂದರು ಅಜ್ಜಿ. ಇಬ್ಬರೂ ನೋಡದ ಎರಡು ಊರುಗಳ ಮಾತು ಹತ್ತು ನಿಮಿಷ ನಡೆಯಿತು. ಒಂದು ಕಾವೇರಿಯ ಕೆಳಗೆ, ಇನ್ನೊಂದು ಶರಾವತಿಯ ಕೆಳಗೆ. ಒಬ್ಬರದು "ಹಂಗೆ", ಇನ್ನೊಬ್ಬರದು "ಎಂತ". ಮಾತು ಎಲ್ಲೂ ಕಡಿಯಲಿಲ್ಲ. ಒಲೆಕಲ್ಲಿನ ವಿಷಯ ಬಂದಾಗ ಟೀ ಅಂಗಡಿಯವರು, "ನಮ್ಮಜ್ಜಿ ಒಲೆಕಲ್ಲನ್ನೂ ತಂದಿದ್ರು, ಹೊತ್ಕೊಂಡು ಗುಡ್ಡ ಹತ್ತಿದ್ರು" ಎಂದರು. ಅಜ್ಜಿಗೆ ಅದು ಬಹಳ ಹಿಡಿಸಿತು. ತಂದಿದ್ರು ತಂದಿದ್ರು ಎಂದು ಎರಡು ಸಲ ಹೇಳಿಕೊಂಡರು.

ನಡೆದೇ ದಾಟಿದರು

ಮುಂದಿನ ಬಸ್ಸಿಗೆ ಹೊತ್ತಿತ್ತು. ಎರಡೂವರೆ ಕಿಲೋಮೀಟರು ತಾನೆ, ನಡೆದುಬಿಡೋಣ ಎಂದು ಹೆಂಗಸರು ಹೊರಟೇಬಿಟ್ಟರು. ಮಿರ್ಲೆಯಲ್ಲಿ ಗದ್ದೆಗೆ ಹೋಗಿ ಬರುವವರಿಗೆ ಇದ್ಯಾವ ದೂರ? ಅಜ್ಜಿಯನ್ನೂ ಚೀಲಗಳನ್ನೂ ಒಂದು ಆಟೋದಲ್ಲಿ ಹಾಕಲು ನೋಡಿದರೆ ಅಜ್ಜಿ ಒಪ್ಪಬೇಕಲ್ಲ. ಚೀಲ ಮಾತ್ರ ಹೋದವು.

ಹೊತ್ತು ಇಳಿಯುತ್ತಿತ್ತು. ಮಳೆಗಾಲ ಮುಗಿದ ಮೇಲಿನ ಹಿನ್ನೀರು, ದಡದ ಮರಗಳ ಬುಡದ ತನಕ ತುಂಬಿತ್ತು. ಗಾಳಿ ಜೋರು. ಸೆರಗು ಬಿಗಿಹಿಡಿದು, ನಡುವೆ ನಿಂತು ಕೆಳಗೆ ಬಗ್ಗಿ ನೋಡಿ, "ಅಬ್ಬಬ್ಬಾ" ಎಂದು ಹಿಂದೆ ಸರಿದು ಮತ್ತೆ ಬಗ್ಗಿ ನೋಡುತ್ತ ನಡೆದರು. ಮೊಬೈಲಿನಲ್ಲಿ ಪಟ ತೆಗೆದರು. ಅಷ್ಟೊತ್ತಿಗೆ ಅಲ್ಲಿ ಇಡೀ ರಾಜ್ಯವೇ ಪಟ ತೆಗೆಯಲು ಬಂದ ಹಾಗಿತ್ತು. ರಸ್ತೆ ಮಧ್ಯೆ ಕಾರು ನಿಲ್ಲಿಸಿ, ಬಾಗಿಲು ತೆರೆದು, ಹಾಡು ಹಾಕಿ ಕುಣಿಯುವ ಹುಡುಗರು ಬೇರೆ. ಇದು ಸೇತುವೆಯೋ ಸಿನಿಮಾ ಸೆಟ್ಟೋ ಎಂದು ಹಾರನ್ ಹೊಡೆಯುತ್ತ ಊರಿನವರ ಗಾಡಿಗಳು ಹಾದವು.

ನಡು ಸೇತುವೆಯ ಹತ್ತಿರ ಬರುವಾಗ ಆಚೆ ದಡದಿಂದ ಒಂದು ಆಂಬುಲೆನ್ಸ್ ಬಂತು. ಮೇಲಿನ ದೀಪ ತಿರುಗುತ್ತಿತ್ತು. ಕುಣಿಯುತ್ತಿದ್ದ ಹುಡುಗರು ಓಡಿಹೋಗಿ ಕಾರು ಬದಿಗೆ ತೆಗೆದರು. ಗಾಡಿ ಹಾದು ಹೋಗಲು ನಿಮಿಷ ಹಿಡಿಯಲಿಲ್ಲ. ಅಜ್ಜಿ ಕೈ ಮುಗಿದರು. ಬಸುರಿಯೋ, ಮುದುಕರೋ, ಯಾರೆಂದು ಯಾರಿಗೆ ಗೊತ್ತು. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದ ತುಮರಿ ಕಡೆಯ ಹುಡುಗನೊಬ್ಬ ಗಡಿಯಾರ ನೋಡಿ, "ಲಾಂಚ್ ಮುಗಿಯೋ ಹೊತ್ತು" ಎಂದ. ಲಾಂಚಿಲ್ಲದಿದ್ದರೂ ಅವನ ಗಡಿಯಾರ ಇನ್ನೂ ಲಾಂಚಿನ ಮೇಲೇ ನಡೆಯುತ್ತಿತ್ತು.

ಕಳಸವಳ್ಳಿ ದಡ ಮುಟ್ಟುವಾಗ ಮಬ್ಬುಗತ್ತಲು. ಅಲ್ಲಿ ವ್ಯಾನಿನವನೊಬ್ಬ ಕಾದಿದ್ದ. ಮುಂಚೆ ಲಾಂಚಿಳಿದ ಯಾತ್ರಿಕರನ್ನು ದೇವಸ್ಥಾನಕ್ಕೆ ಮುಟ್ಟಿಸುವುದು ಅವನ ಕಸುಬು. ಈಗ ಎಲ್ಲರ ಕಾರೂ ನೇರ ಗುಡಿಯ ಮುಂದೆ ಹೋಗಿ ನಿಲ್ಲುತ್ತವೆ. ಅವನಿಗೆ ಸಿಗುವವರು ಇಂಥ ನಡೆದು ಬಂದವರು ಮಾತ್ರ. ಬಾಡಿಗೆಗೆ ಚೌಕಾಸಿ ಮಾಡಲು ಹೋದ ಅಂಗಡಿ ಯಜಮಾನರು ಯಾಕೋ ಅರ್ಧಕ್ಕೇ ನಿಲ್ಲಿಸಿ ಕೇಳಿದ್ದು ಕೊಟ್ಟರು. ಪುಸ್ತಕದಲ್ಲಿ ಬರೆದುಕೊಂಡರು ಎಂಬುದು ಬೇರೆ ಮಾತು.

ಸಿಗಂದೂರಿನಲ್ಲಿ ರೂಮು ಸಿಕ್ಕಿತು. ದರ್ಶನ ಬೆಳಿಗ್ಗೆಗೆ ಇಟ್ಟುಕೊಂಡರು. ದೇವಿಯ ಮೂಲ ಜಾಗವೂ ಹಿನ್ನೀರಿನ ಕಡೆಯಲ್ಲಿತ್ತು, ಮುಳುಗಡೆಯ ಮೇಲೆ ಈಗಿನ ಗುಡಿ ಎಂದು ಭಕ್ತರು ಹೇಳುವುದನ್ನು ಕೇಳಿ ಅಜ್ಜಿ, "ಅವಳೂ ಗಂಟು ಕಟ್ಕೊಂಡು ಬಂದೋಳೇ ಅನ್ನಿ" ಎಂದರು. ಹುಳಿಯನ್ನದ ಡಬ್ಬಿ ಬಿಚ್ಚಿದರು. ಊಟದ ಮಧ್ಯೆ ಕರೆಂಟ್ ಹೋಯಿತು. ಯಾರೋ ಕತ್ತಲಲ್ಲೇ ಕಿಸಕ್ಕೆಂದು ನಕ್ಕರು. ಮೊಬೈಲು ಬೆಳಕಿನಲ್ಲಿ ಊಟ ಮುಗಿಯಿತು.

ಮಲಗುವ ಮುಂಚೆ ಅಂಗಡಿ ಯಜಮಾನರು ಹೊರಗೆ ಬಂದರು. ಸಿಗ್ನಲ್ ಹುಡುಕುತ್ತ ಒಂದು ಮರದ ಬುಡದಲ್ಲಿ ನಿಂತು ಮಿರ್ಲೆಗೆ ಫೋನ್ ಹಚ್ಚಿದರು. ಬಂದು ಮುಟ್ಟಿದೆವು ಎಂದಾಗಲಿ, ಸೇತುವೆ ಹೀಗಿದೆ ಎಂದಾಗಲಿ ಹೇಳಲಿಲ್ಲ.

"ಬೀಗ ಸರ್ಯಾಗಿ ಹಾಕಿದ್ದೀಯೇನ್ಲಾ? ಇನ್ನೊಂದ್ಸಲ ಎಳೆದು ನೋಡ್ಬುಟ್ಟು ಬಾ. ನಾನು ಹಿಡ್ಕೊಂಡಿರ್ತೀನಿ."